ಮಗಳ ಸೈಕಲ್: ತೂಕ ಇಳಿಸಲು ಹೊರಟ ಗಣಿತ ಶಿಕ್ಷಕಿಯೊಬ್ಬರ ಪ್ರಕರಣ

2023ರ ಜೂನ್ ತಿಂಗಳಲ್ಲಿ, ಹೊಸದಾಗಿ ಸೇರಿದ ಎಂಟನೆಯ ತರಗತಿಯ ಮಕ್ಕಳ ಎತ್ತರ ಮತ್ತು ತೂಕ ಬರೆದುಕೊಳ್ಳುವ ಕೆಲಸ ಮುಗಿದು ಮಕ್ಕಳೆಲ್ಲ ತರಗತಿಗೆ ಹೋದ ಮೇಲೆ, ನಮ್ಮ ಶಾಲೆಯ ಗಣಿತ ಶಿಕ್ಷಕಿ ವರಾಂಡದಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ಚಪ್ಪಲಿ ಬಿಟ್ಟು ತೂಕದ ಯಂತ್ರದ ಮೇಲೆ ನಿಂತರು. ಮುಳ್ಳು 87 ಕಿಲೋಗ್ರಾಂ ತೋರಿಸಿತು. "ಮೇಷ್ಟ್ರೇ, ಇದು ಎಷ್ಟು ಕೆಜಿ ಸುಳ್ಳು ಹೇಳುತ್ತೆ?" ಎಂದು ಕೇಳಿದರು. ಹಳೆಯ ಸ್ಪ್ರಿಂಗ್ ಯಂತ್ರ, ಹೆಚ್ಚೆಂದರೆ ಒಂದು ಕೆಜಿ ಆಚೀಚೆ ಎಂದೆ. ಅವರು ನಗಲಿಲ್ಲ. ಹಿಂದಿನ ವಾರವಷ್ಟೇ ಅವರ ರಕ್ತಪರೀಕ್ಷೆಯ ವರದಿ ಬಂದಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು.

ನಾನು ಪಾಂಡವಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕ. ಅಂದಿನಿಂದ ಎರಡೂವರೆ ವರ್ಷ ಈ ಸಹೋದ್ಯೋಗಿಯ ತೂಕ, ಸೊಂಟದ ಸುತ್ತಳತೆ, ಮಂಡಿನೋವು ಮತ್ತು ಸೈಕಲ್ ತುಳಿದ ದಿನಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ. ಹೆಸರು, ಊರು, ಶಾಲೆ ಯಾವುದೂ ಬರಬಾರದೆಂಬ ಷರತ್ತಿನ ಮೇಲೆ ಅದನ್ನು ಬರೆಯಲು ಅವರು ಒಪ್ಪಿದ್ದಾರೆ. ಒಬ್ಬರ ಅನುಭವದಿಂದ ಎಲ್ಲರಿಗೂ ಅನ್ವಯಿಸುವ ಸೂತ್ರವನ್ನು ತೆಗೆಯಲಾಗದು ಎಂಬುದು ನನಗೆ ಗೊತ್ತಿದೆ. ಆದರೂ ಇದನ್ನು ಬರೆಯಲು ಒಂದು ಕಾರಣವಿದೆ. ಈ ಪ್ರಕರಣದಲ್ಲಿ ನಾನು ಕೊಟ್ಟ ಸಲಹೆಗಳಲ್ಲಿ ಹೆಚ್ಚಿನವು ಫಲಿಸಲಿಲ್ಲ, ಫಲಿಸಿದ್ದನ್ನು ಅವರೇ ಕಂಡುಕೊಂಡರು, ಮತ್ತು ಅದು ಫಲಿಸಿದ ದಾರಿ ನಾನು ತರಬೇತಿಯಲ್ಲಿ ಕಲಿತದ್ದಕ್ಕಿಂತ ಬೇರೆಯಾಗಿತ್ತು.

ಆರಂಭದ ಸ್ಥಿತಿ

ಆಗ ಅವರಿಗೆ 44 ವರ್ಷ. ಎತ್ತರ 156 ಸೆಂಟಿಮೀಟರ್, ತೂಕ 87 ಕೆಜಿ, ಅಂದರೆ ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ದೇಹದ ತೂಕ ಸೂಚ್ಯಂಕ (ಬಿಎಂಐ) ಸುಮಾರು 35.7. ಭಾರತೀಯರ ಮಟ್ಟಿಗೆ ಈ ಸೂಚ್ಯಂಕ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ನಮ್ಮ ವೈದ್ಯರು ಲೆಕ್ಕ ಹಿಡಿಯುತ್ತಾರೆ. ಪಾಶ್ಚಾತ್ಯರಿಗೆ ಹಾಕಿರುವ ಗೆರೆಗಿಂತ ಇದು ಕೆಳಗಿದೆ, ಏಕೆಂದರೆ ನಮ್ಮವರಲ್ಲಿ ಕಡಿಮೆ ತೂಕದಲ್ಲೇ ಹೊಟ್ಟೆಯ ಸುತ್ತ ಕೊಬ್ಬು ಸೇರಿ ಸಕ್ಕರೆ ಕಾಯಿಲೆ ಬರುತ್ತದೆ. ಹೆಂಗಸರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಮೀರಬಾರದು ಎಂಬುದು ಇನ್ನೊಂದು ಗೆರೆ. ಇವರದು 104 ಇತ್ತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.2 ಬಂದಿತ್ತು. 6.5 ಮುಟ್ಟಿದರೆ ಮಧುಮೇಹ, 5.7ರಿಂದ 6.4ರವರೆಗಿನದು ಅದರ ಹೊಸ್ತಿಲು. ಅವರ ತಾಯಿಗೂ ದೊಡ್ಡಪ್ಪನಿಗೂ ಸಕ್ಕರೆ ಕಾಯಿಲೆ ಇತ್ತು, ದೊಡ್ಡಪ್ಪನ ಒಂದು ಕಾಲಿನ ಬೆರಳುಗಳನ್ನು ತೆಗೆಯಬೇಕಾಗಿ ಬಂದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ತೂಕ ಇಳಿಸುವ ಆಸೆಗೆ ಮೂಲ ಆ ಭಯವೇ ಹೊರತು ಕನ್ನಡಿಯಲ್ಲ.

ದಿನಚರಿ ಸಾಮಾನ್ಯವಾದದ್ದು. ಬೆಳಿಗ್ಗೆ ಐದೂವರೆಗೆ ಎದ್ದು ಅಡುಗೆ, ಅತ್ತೆಯವರ ಔಷಧಿ, ಎಂಟೂವರೆಗೆ ಬಸ್ಸು, ಸಂಜೆ ಐದೂವರೆಗೆ ಮನೆ. ಊಟಕ್ಕೆ ಮುದ್ದೆ, ಸೊಪ್ಪಿನ ಬಸ್ಸಾರು ಅಥವಾ ಉಪ್ಸಾರು, ಅದರ ಮೇಲೆ ಅನ್ನ. ತೂಕ ಹೆಚ್ಚಿರುವವರನ್ನು ಕಂಡರೆ ಹೊಟ್ಟೆಬಾಕರೆಂದು ಭಾವಿಸುವ ಕೆಟ್ಟ ಅಭ್ಯಾಸ ನಮ್ಮ ವೃತ್ತಿಯವರಲ್ಲಿದೆ. ಇವರು ಹಾಗೇನೂ ಉಣ್ಣುತ್ತಿರಲಿಲ್ಲ. ಎರಡನೆಯ ಹೆರಿಗೆಯಾದ ಮೇಲೆ ವರ್ಷಕ್ಕೆ ಒಂದೊಂದೂವರೆ ಕೆಜಿಯಂತೆ ಏರುತ್ತ ಬಂದ ತೂಕ ಅದು.

ನನ್ನ ಮೊದಲ ಸಲಹೆ ಮತ್ತು ಅದರ ಗತಿ

ದಿನಾ ಬೆಳಿಗ್ಗೆ ನಲವತ್ತೈದು ನಿಮಿಷ ವೇಗದ ನಡಿಗೆ, ರಾತ್ರಿ ಅನ್ನ ಬಂದ್ ಎಂದು ನಾನು ಹೇಳಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರು ಅದನ್ನು ಚಾಚೂ ತಪ್ಪದೆ ಪಾಲಿಸಿದರು, 83ಕ್ಕೆ ಇಳಿದರು. ಊರಿನ ಡಾಂಬರು ರಸ್ತೆಯಲ್ಲಿ ಚಪ್ಪಟೆ ಅಟ್ಟೆಯ ಚಪ್ಪಲಿ ಹಾಕಿಕೊಂಡು ನಡೆಯುತ್ತಿದ್ದಾರೆಂಬುದನ್ನು ನಾನು ಕೇಳಿ ತಿಳಿದುಕೊಂಡಿರಲಿಲ್ಲ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಬಲ ಮಂಡಿ ಊದಿಕೊಂಡಿತು. ದೇಹದ ತೂಕ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಬೀಳುವ ಹೊರೆ ಸುಮಾರು ನಾಲ್ಕು ಕೆಜಿಯಷ್ಟು ಇಳಿಯುತ್ತದೆ ಎಂದು ಕಂಡುಕೊಂಡಿದ್ದಾರೆ. ಅದನ್ನೇ ತಿರುಗಿಸಿ ಓದಿದರೆ, ಮೂವತ್ತು ಕೆಜಿ ಹೆಚ್ಚಿರುವವರನ್ನು ಗಟ್ಟಿ ರಸ್ತೆಯಲ್ಲಿ ದಿನಕ್ಕೆ ಐದಾರು ಸಾವಿರ ಹೆಜ್ಜೆ ಹಾಕಿಸಿದವನಿಗೆ ಏನು ಹೇಳಬೇಕೋ ಅದನ್ನು ಮೂಳೆ ವೈದ್ಯರು ನನಗೆ ಪರೋಕ್ಷವಾಗಿ ಹೇಳಿ ಕಳಿಸಿದರು. ನಡಿಗೆ ನಿಂತಿತು, ರಾತ್ರಿ ಅನ್ನ ಮತ್ತೆ ಶುರುವಾಯಿತು, ದೀಪಾವಳಿ ಕಳೆಯುವಷ್ಟರಲ್ಲಿ ತೂಕ 86 ಮುಟ್ಟಿತು.

ಈಜಬೇಕು ಇಲ್ಲವೇ ಸೈಕಲ್ ತುಳಿಯಬೇಕು ಎಂದು ವೈದ್ಯರು ಹೇಳಿದ್ದರು. ಕಾವೇರಿ ಹರಿಯುವ ಜಿಲ್ಲೆಯಲ್ಲಿದ್ದರೂ ಹಳ್ಳಿಯ ಹೆಂಗಸೊಬ್ಬಳು ನಿರಾತಂಕವಾಗಿ ಈಜುವ ಜಾಗ ನಮ್ಮ ಸುತ್ತಮುತ್ತ ಒಂದೂ ಇಲ್ಲ. ಮೈಸೂರಿನ ನಾದಿನಿಯ ಮನೆಯಲ್ಲಿ ಬಟ್ಟೆ ಒಣಗಿಸಲು ಬಳಕೆಯಾಗುತ್ತಿದ್ದ ವ್ಯಾಯಾಮದ ಸೈಕಲ್ಲನ್ನು ತಂದು ಹಜಾರದಲ್ಲಿ ಇಟ್ಟುಕೊಂಡರು. ಹನ್ನೊಂದು ದಿನ ತುಳಿದರು. ಅದೂ ಬಟ್ಟೆ ಒಣಗಿಸುವ ಕೆಲಸಕ್ಕೆ ಮರಳಿತು.

ಸಂಕ್ರಾಂತಿಯ ಮಾರನೆಯ ದಿನ

ಅವರ ಮಗಳು ಎಂಟನೆಯ ತರಗತಿಯಲ್ಲಿದ್ದಾಗ ಸರ್ಕಾರ ಕೊಟ್ಟ ಸೈಕಲ್ ಒಂದು ಮನೆಯ ಕೊಟ್ಟಿಗೆಯಲ್ಲಿತ್ತು. 2006-07ರಲ್ಲಿ ಶುರುವಾದ ಉಚಿತ ಸೈಕಲ್ ಯೋಜನೆಯನ್ನು ಶಿಕ್ಷಕರಾದ ನಾವು ಒಳಗಿನಿಂದ ಬಲ್ಲೆವು: ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತ ಸೈಕಲ್‌ಗಳು, ಸಡಿಲವಾದ ಬ್ರೇಕು, ಗಾಳಿಯಿಲ್ಲದ ಟೈರು, ಆದರೂ ಅವುಗಳ ಹ್ಯಾಂಡಲ್ ಹಿಡಿದು ನಿಂತ ಹುಡುಗಿಯರ ಮುಖ. ಮಗಳು ಮೈಸೂರಿನ ಕಾಲೇಜು ಸೇರಿ ಹಾಸ್ಟೆಲಿಗೆ ಹೋದ ಮೇಲೆ ಆ ಸೈಕಲ್ ಮೇವಿನ ಹೊರೆಗಳ ಹಿಂದೆ ತುಕ್ಕು ಹಿಡಿಯುತ್ತಿತ್ತು. 2024ರ ಸಂಕ್ರಾಂತಿಗೆ ದನಗಳ ಮೈತೊಳೆದು ಕಿಚ್ಚು ಹಾಯಿಸಲು ಕೊಟ್ಟಿಗೆ ಚೊಕ್ಕಟ ಮಾಡಿದಾಗ ಅದು ಹೊರಗೆ ಬಂತು. ಗುಜರಿಗೆ ಹಾಕೋಣವೆಂದು ಯಜಮಾನರು ಹೇಳಿದರಂತೆ. ಮಾರನೆಯ ದಿನ ಮೇಡಂ ಅದನ್ನು ತಳ್ಳಿಕೊಂಡು ಪಂಚರ್ ಅಂಗಡಿಗೆ ಹೋಗಿ ಎರಡು ಟ್ಯೂಬು, ಒಂದು ಚೈನು, ನಾಲ್ಕು ಬ್ರೇಕ್ ರಬ್ಬರು ಹಾಕಿಸಿಕೊಂಡು ಬಂದರು.

ಅವರು ಕೊನೆಯ ಬಾರಿ ಸೈಕಲ್ ಹತ್ತಿದ್ದು ಹೈಸ್ಕೂಲಿನಲ್ಲಿದ್ದಾಗ. ಅಣ್ಣನ ದೊಡ್ಡ ಸೈಕಲ್ಲಿನ ಬಾರಿನ ಕೆಳಗಿಂದ ಕಾಲು ತೂರಿಸಿ ಒಳಪೆಡಲು ಹೊಡೆದು ಕಲಿತವರು ಅವರು. ಮೂವತ್ತು ವರ್ಷದ ಮೇಲೂ ದೇಹ ಅದನ್ನು ಮರೆತಿರಲಿಲ್ಲ. ಸಮತೋಲನದ ಇಂಥ ಕಲಿಕೆ ಮಾತಿನ ನೆನಪಿನಂತೆ ಬೇಗ ಅಳಿಸಿಹೋಗುವಂಥದ್ದಲ್ಲ. ಆದರೆ ಜನರ ಕಣ್ಣಿಗೆ ಅಂಜಿ, ಮೊದಲ ಒಂದು ವಾರ ಕತ್ತಲಾಗುವ ಹೊತ್ತಿಗೆ ಮನೆಯಿಂದ ನಾಲೆಯ ಸೇತುವೆಯವರೆಗೆ, ಹೋಗಿ ಬರುವುದೆಲ್ಲ ಸೇರಿ ಒಂದೂವರೆ ಕಿಲೋಮೀಟರ್ ಮಾತ್ರ ತುಳಿದರು. ಎಂಟನೆಯ ದಿನ ಮಂಡಿ ನೋಯುತ್ತದೆ ಎಂದು ನನ್ನ ಬಳಿ ಬಂದರು.

ಈ ಒಂದು ವಿಷಯದಲ್ಲಿ ನನ್ನಿಂದ ಉಪಯೋಗವಾಯಿತು. ಸೀಟು ತೀರಾ ಕೆಳಗಿತ್ತು. ಕಾಲು ನೆಲಕ್ಕೆ ಚೆನ್ನಾಗಿ ಸಿಗಲೆಂದು ಹೊಸಬರೆಲ್ಲ ಸೀಟು ತಗ್ಗಿಸಿಕೊಳ್ಳುತ್ತಾರೆ. ಹಾಗೆ ಮಾಡಿದಾಗ ಮಂಡಿ ಪೂರ್ತಿ ಬಾಗಿದ ಸ್ಥಿತಿಯಲ್ಲೇ ಒತ್ತಡ ಹೊರಬೇಕಾಗುತ್ತದೆ, ಮಂಡಿಚಿಪ್ಪಿನ ಹಿಂದೆ ನೋವು ಶುರುವಾಗುತ್ತದೆ. ಪೆಡಲು ಅತಿ ಕೆಳಗೆ ಬಂದಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿ ತುಸುವೇ ಬಾಗಿರುತ್ತದೆ. ಇಷ್ಟೇ ಅಳತೆ. ಸೀಟನ್ನು ನಾಲ್ಕು ಬೆರಳಷ್ಟು ಎತ್ತರಿಸಿ, ನಿಲ್ಲಿಸುವಾಗ ಮೊದಲು ಸೀಟಿನಿಂದ ಮುಂದಕ್ಕೆ ಇಳಿಯುವುದನ್ನು ಆಟದ ಮೈದಾನದಲ್ಲಿ ಎರಡು ದಿನ ಅಭ್ಯಾಸ ಮಾಡಿಸಿದೆ. ಮಂಡಿ ನೋವು ಮೂರು ವಾರದಲ್ಲಿ ಹೋಯಿತು.

ಫೆಬ್ರುವರಿ ಮೊದಲ ವಾರ ಒಂದು ಬೆಳಿಗ್ಗೆ ಬಸ್ಸು ಬರಲಿಲ್ಲ. ಮನೆಯಿಂದ ಶಾಲೆಗೆ ಏಳು ಕಿಲೋಮೀಟರ್. ಪ್ರಾರ್ಥನೆಯ ಗಂಟೆ ಹೊಡೆಯುವ ಹೊತ್ತಿಗೆ ಗೇಟಿನಲ್ಲಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಊಟದ ಡಬ್ಬಿಯನ್ನು ಕ್ಯಾರಿಯರಿಗೆ ಕಟ್ಟಿಕೊಂಡು, ಮುಖವೆಲ್ಲ ಬೆವರಾಗಿ ಮೇಡಂ ಸೈಕಲ್ಲಿನಿಂದ ಇಳಿದರು. ಸಾಲಿನಲ್ಲಿ ನಿಂತ ಮಕ್ಕಳು ನಾಡಗೀತೆ ಮರೆತು ನೋಡುತ್ತಿದ್ದರು. ಶಕ್ತಿ ಯೋಜನೆಯಿಂದಾಗಿ 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿತ್ತಾದ್ದರಿಂದ ಊರಿನವರಿಗೆ ಇದು ಅರ್ಥವಾಗದ ಸಂಗತಿ. "ಬಸ್ಸು ಫ್ರೀ ಇದ್ರೂ ಮೇಡಮ್ಮೋರು ಸೈಕಲ್ ತುಳೀತಾವ್ರಲ್ಲ, ಏನ್ ಕಷ್ಟ ಬಂತೋ" ಎಂದು ಟೀ ಅಂಗಡಿಯಲ್ಲಿ ಒಬ್ಬರು ನನ್ನನ್ನೇ ಕೇಳಿದರು. ಉಚಿತವಾದ ಮೇಲೆ ಬಸ್ಸಿನಲ್ಲಿ ನಿಲ್ಲಲೂ ಜಾಗ ಸಿಗದಂತಾಗಿದ್ದು ಅವರಿಗೆ ಸೈಕಲ್ ಹತ್ತಲು ಸಿಕ್ಕ ಮೊದಲ ನೆಪವಾಗಿತ್ತು. ಸ್ವಲ್ಪ ದಿನದಲ್ಲಿ ಆ ನೆಪವೂ ಬೇಕಾಗಲಿಲ್ಲ.

ಮನೆಯಲ್ಲಿ ವಿರೋಧವಿತ್ತು, ಮತ್ತು ಅದು ಅಕಾರಣವಾದದ್ದಲ್ಲ. ದಾರಿಯ ಅರ್ಧಭಾಗ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ. 2018ರ ನವೆಂಬರ್‌ನಲ್ಲಿ ನಮ್ಮದೇ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ಈ ನಾಲೆಗೆ ಉರುಳಿ 30 ಜನ ಸತ್ತರು. ಅವರಲ್ಲಿ ಶಾಲೆಯ ಮಕ್ಕಳೂ ಇದ್ದರು. ಆಮೇಲೆ ನಾಲೆಯ ದಾರಿ ಎಂದರೆ ಇಲ್ಲಿನ ಹಿರಿಯರ ಎದೆ ಝಲ್ಲೆನ್ನುತ್ತದೆ. ಅತ್ತೆಯವರು ಒಂದು ವಾರ ಮಾತು ಬಿಟ್ಟಿದ್ದರು. ಏರಿಯ ಮೇಲೆ ನಾಲೆಗೆ ದೂರದ ಅಂಚಿನಲ್ಲೇ ಹೋಗುವುದು, ಎದುರಿಗೆ ಟ್ರ್ಯಾಕ್ಟರ್ ಬಂದರೆ ಇಳಿದು ನಿಲ್ಲುವುದು, ಕತ್ತಲಾದ ಮೇಲೆ ಆ ದಾರಿ ಹಿಡಿಯದಿರುವುದು ಎಂಬ ಮೂರು ಕಟ್ಟುಪಾಡಿನ ಮೇಲೆ ರಾಜಿಯಾಯಿತು. ಅವರು ಇಂದಿಗೂ ಅದನ್ನು ಮುರಿದಿಲ್ಲ.

ಲೆಕ್ಕ ತಾಳೆಯಾಗದ ನಾಲ್ಕು ತಿಂಗಳು

ದಿನಕ್ಕೆ ಹದಿನಾಲ್ಕು ಕಿಲೋಮೀಟರ್, ಸುಮಾರು ಒಂದು ಗಂಟೆ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಮಿತಿಯ ಮೇಲಂಚನ್ನೇ ಇವರು ಮುಟ್ಟಿದ್ದರು. 86 ಕೆಜಿ ತೂಕದವರು ಗಂಟೆಗೆ ಹದಿನಾಲ್ಕು ಕಿಲೋಮೀಟರ್ ವೇಗದಲ್ಲಿ ಸಮತಟ್ಟಾದ ದಾರಿಯಲ್ಲಿ ತುಳಿದರೆ ಕಿಲೋಮೀಟರಿಗೆ ಸುಮಾರು 25 ಕಿಲೋಕ್ಯಾಲೊರಿ ಹೆಚ್ಚುವರಿಯಾಗಿ ಖರ್ಚಾಗುತ್ತದೆ. ದಿನಕ್ಕೆ ಸುಮಾರು 350. ಒಂದು ಕೆಜಿ ಕೊಬ್ಬಿನಲ್ಲಿ 7,700 ಕಿಲೋಕ್ಯಾಲೊರಿ ಇರುತ್ತದೆ ಎಂಬ ವಾಡಿಕೆಯ ಲೆಕ್ಕದಂತೆ ಇಪ್ಪತ್ತೆರಡು ಶಾಲಾ ದಿನಗಳಿಗೊಂದು ಕೆಜಿ ಇಳಿಯಬೇಕು. ಗಣಿತ ಶಿಕ್ಷಕಿ ಇದನ್ನು ನನಗಿಂತ ಮೊದಲೇ ಮಾಡಿ ಇಟ್ಟುಕೊಂಡಿದ್ದರು. ಮೇ ಕೊನೆಯಲ್ಲಿ ಯಂತ್ರ 84.5 ತೋರಿಸಿತು. ನಾಲ್ಕು ತಿಂಗಳಿಗೆ ಒಂದೂವರೆ ಕೆಜಿ, ಅದರಲ್ಲೂ ಯಂತ್ರದ ದೋಷ ಒಂದು ಕೆಜಿ.

ಲೆಕ್ಕ ತಪ್ಪಲು ಎರಡು ಕಾರಣ. ಮೊದಲನೆಯದು, ದೇಹ ಕೂಡುವ ಕಳೆಯುವ ಪುಸ್ತಕವಲ್ಲ. ತಾಂಜಾನಿಯಾದ ಹಡ್ಜಾ ಎಂಬ ಬೇಟೆಗಾರ ಬುಡಕಟ್ಟಿನವರು ದಿನವಿಡೀ ಅಲೆಯುತ್ತಿದ್ದರೂ, ದೇಹದ ಗಾತ್ರದ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದರೆ, ಕುರ್ಚಿಯಲ್ಲಿ ಕೂತು ದುಡಿಯುವ ಅಮೆರಿಕದವರಷ್ಟೇ ಶಕ್ತಿಯನ್ನು ದಿನಕ್ಕೆ ವ್ಯಯಿಸುತ್ತಾರೆಂದು ಅಮೆರಿಕದ ಮಾನವಶಾಸ್ತ್ರಜ್ಞ ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದರು. ಹೆಚ್ಚು ದುಡಿಸಿದರೆ ದೇಹ ಬೇರೆ ಕಡೆ ಕೈ ಬಿಗಿ ಹಿಡಿಯುತ್ತದೆ. ಎರಡನೆಯದು ಇನ್ನೂ ಸರಳ: ಹಸಿವು. ಸಂಜೆ ಮನೆ ಮುಟ್ಟಿದ ಮೇಲೆ ಒಂದು ತಟ್ಟೆ ಚುರುಮುರಿ ಅಥವಾ ನಾಲ್ಕು ಬೋಂಡ, "ತುಳಿದಿದೀನಲ್ಲ" ಎಂಬ ಧೈರ್ಯದಲ್ಲಿ. ಇಷ್ಟರಿಂದಲೇ ಅರ್ಧ ದಿನದ ಸೈಕಲ್ ಸವಾರಿ ಹೊಟ್ಟೆಗೆ ಮರಳುತ್ತದೆ. ವ್ಯಾಯಾಮವೊಂದರಿಂದಲೇ ದೊಡ್ಡ ಪ್ರಮಾಣದಲ್ಲಿ ತೂಕ ಇಳಿಯುವುದು ಅಪರೂಪ ಎಂಬುದನ್ನು ನಮ್ಮ ವೃತ್ತಿಯವರು ಗಟ್ಟಿಯಾಗಿ ಹೇಳಲು ಹಿಂಜರಿಯುತ್ತೇವೆ. ಹೇಳಿದರೆ ನಮ್ಮ ಅಂಗಡಿ ನಡೆಯುವುದಿಲ್ಲವೆಂಬ ಅಳುಕೋ ಏನೋ.

ನಡಿಗೆಯ ಸಲ ಆದಂತೆ ಈಗಲೂ ಬಿಟ್ಟುಬಿಡುತ್ತಾರೆಂದು ನಾನು ಎಣಿಸಿದ್ದೆ. ನೋಟ್‌ಬುಕ್‌ನಲ್ಲಿ ಹಾಗೆಂದು ಬರೆದೂ ಇದ್ದೆ. ಏಪ್ರಿಲ್ 11ರಿಂದ ಬೇಸಿಗೆ ರಜೆ. ಶಾಲೆಗೆ ಹೋಗುವ ಅಗತ್ಯವಿಲ್ಲ, ತೂಕ ಇಳಿದಿಲ್ಲ, ಬಿಸಿಲು ವಿಪರೀತ, ನಡುವೆ ಏಪ್ರಿಲ್ 26ರ ಲೋಕಸಭಾ ಚುನಾವಣೆಯ ಕೆಲಸ ಬೇರೆ. ಸೈಕಲ್ ಮತ್ತೆ ಕೊಟ್ಟಿಗೆ ಸೇರಲು ಬೇಕಾದ ಎಲ್ಲ ಕಾರಣಗಳೂ ಕೂಡಿಬಂದಿದ್ದವು. ರಜೆ ಮುಗಿದು ಬಂದಾಗ ಕೇಳಿದರೆ, ಚುನಾವಣೆಯ ಮೂರು ದಿನ ಮತ್ತು ತಂಗಿಯ ಮನೆಯ ಗೃಹಪ್ರವೇಶದ ಎರಡು ದಿನ ಬಿಟ್ಟು ಉಳಿದೆಲ್ಲ ದಿನ ಬೆಳಿಗ್ಗೆ ಆರಕ್ಕೆ ಹೊರಟಿದ್ದರು. ಎಲ್ಲಿಗೆ ಎಂದೆ. "ಎಲ್ಲಿಗೂ ಇಲ್ಲ ಮೇಷ್ಟ್ರೇ, ಸುಮ್ಮನೆ" ಎಂದರು.

ಈ ಪ್ರಕರಣದಲ್ಲಿ ನಾನು ಬೇರೆಲ್ಲ ಅಂಕಿಗಳಿಗಿಂತ ಹೆಚ್ಚು ಬೆಲೆ ಕೊಡುವುದು ಆ ಒಂದು ಮಾತಿಗೆ. ಅವರು ಒಂದು ದಿನ ತೊಣ್ಣೂರಿಗೆ ಹೋಗಿದ್ದರು. ಮೋತಿ ತಲಾಬ್ ಎಂಬ ಹೆಸರೂ ಇರುವ ಆ ಕೆರೆಯ ಏರಿಯ ಮೇಲೆ ಕೂತು, ತಂದಿದ್ದ ಎರಡು ಬಾಳೆಹಣ್ಣು ತಿಂದು, ನಂಬಿನಾರಾಯಣನ ಗುಡಿಯ ಬಾಗಿಲು ತೆಗೆಯುವ ಮೊದಲೇ ವಾಪಸ್ಸಾಗಿದ್ದರು. ಇಪ್ಪತ್ತು ವರ್ಷದಿಂದ ಇದೇ ತಾಲ್ಲೂಕಿನಲ್ಲಿದ್ದೂ ಅವರು ಮದುವೆ, ನಾಮಕರಣ, ಶಾಲಾ ಪ್ರವಾಸ ಬಿಟ್ಟು ತಮ್ಮಷ್ಟಕ್ಕೆ ತಾವು ಒಂದು ಕಡೆಗೆ ಹೋದದ್ದು ಅದೇ ಮೊದಲು. ಗಂಡ, ಅತ್ತೆ, ಮಕ್ಕಳು, ಮುಖ್ಯೋಪಾಧ್ಯಾಯರು ಯಾರೂ ಕೈಗೆ ಸಿಗದ ಒಂದು ಗಂಟೆ. ಆ ಗಂಟೆಗೆ ಅವರು ಮನಸೋತಿದ್ದರು, ಸೈಕಲ್ ಅದರ ವಾಹನವಾಗಿತ್ತು. ತೂಕದ ಮುಳ್ಳು ಅಲ್ಲಾಡದಿದ್ದರೂ ಅವರು ಬಿಡಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ವಿವರಣೆ ನನಗೆ ಕಾಣಲಿಲ್ಲ.

ಊಟ ಬದಲಾದ ಬಗೆ

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಅವರು ಒಂದು ದೂರು ಹೇಳಿದರು. ಮಧ್ಯಾಹ್ನ ಮುದ್ದೆಯನ್ನೂ ಅನ್ನವನ್ನೂ ಉಂಡು, ಬಿಸಿಯೂಟದ ರುಚಿ ನೋಡುವ ಸರದಿಯಿದ್ದ ದಿನ ಅದನ್ನೂ ಒಂದು ತಟ್ಟೆ ತಿಂದರೆ, ನಾಲ್ಕೂವರೆಗೆ ಸೈಕಲ್ ಹತ್ತಿದಾಗ ಹೊಟ್ಟೆ ಭಾರವಾಗಿ ಏದುಸಿರು ಬರುತ್ತದೆ ಎಂದು. ಅನ್ನ ಬಿಡಿ ಎಂದು ನಾನು ಹೇಳಲಿಲ್ಲ. ಒಮ್ಮೆ ಹೇಳಿ ಕೆಟ್ಟಿದ್ದೆ. ಅವರೇ ಮುದ್ದೆಯನ್ನು ಉಳಿಸಿಕೊಂಡು ಅನ್ನವನ್ನು ಒಂದು ಸೌಟಿಗೆ ಇಳಿಸಿದರು, ಕಾಳು ಹೆಚ್ಚಿಸಿದರು. ಸಂಜೆಯ ಹಸಿವನ್ನು ತಡೆಯಲು ನಾಲ್ಕು ಗಂಟೆಗೆ ಒಂದು ಹಿಡಿ ಹುರಿಗಡಲೆ. ಮನೆ ಮುಟ್ಟಿದ ಮೇಲಿನ ಬೋಂಡ ತಾನಾಗಿ ಕಡಿಮೆಯಾಯಿತು.

ಟೀ ವಿಷಯ ಬೇರೆ. ಸ್ಟಾಫ್ ರೂಮಿನಲ್ಲಿ ಮೂರು, ಮನೆಯಲ್ಲಿ ಮೂರು, ದಿನಕ್ಕೆ ಆರು ಲೋಟ. ಒಂದು ಬಿಡುವಿನ ಅವಧಿಯಲ್ಲಿ ಅವರು ಕಪ್ಪುಹಲಗೆಯ ಮೇಲೆ ಬರೆದರು: ಆರು ಲೋಟ, ಲೋಟಕ್ಕೆ ಎರಡು ಚಮಚ, ಚಮಚಕ್ಕೆ 5 ಗ್ರಾಂ, ಒಟ್ಟು 60 ಗ್ರಾಂ ಸಕ್ಕರೆ; ಗ್ರಾಮಿಗೆ 4 ಕಿಲೋಕ್ಯಾಲೊರಿಯಂತೆ 240; ಕಿಲೋಮೀಟರಿಗೆ 25ರಂತೆ ಭಾಗಿಸಿದರೆ ಒಂಬತ್ತೂವರೆ ಕಿಲೋಮೀಟರ್. "ಬೆಳಿಗ್ಗೆ ಏಳು ಕಿಲೋಮೀಟರ್ ಟೀಗೇ ತುಳೀತಿದೀನಿ, ಸಂಜೆ ಎರಡೂವರೆ ಅದರ ಬಡ್ಡಿಗೆ" ಎಂದು ಬಳಪ ಕೆಳಗಿಟ್ಟರು. ಕಬ್ಬಿನ ನಾಡಿನಲ್ಲಿ, ಆಲೆಮನೆಯ ಹೊಗೆಯ ನಡುವೆ ಬದುಕುವವರು ಸಿಹಿ ಬಿಡುವುದೆಂದರೆ ಸುಲಭವಲ್ಲ. ಎರಡು ಚಮಚ ಒಂದಾಯಿತು, ಆರು ಲೋಟ ಮೂರಾಯಿತು. ಅದು ಅಲ್ಲಿಗೇ ನಿಂತಿದೆ, ಸೊನ್ನೆಗೆ ಇಳಿಯಲಿಲ್ಲ.

ನಾನು ಗಮನಿಸಿದ್ದು ಬದಲಾವಣೆಯ ದಿಕ್ಕನ್ನು. ಹಿಂದಿನ ವರ್ಷ ತೂಕಕ್ಕಾಗಿ ಊಟ ಬಿಟ್ಟರು, ಅದು ಶಿಕ್ಷೆಯಾಗಿತ್ತು. ದೀಪಾವಳಿಯ ಒಬ್ಬಟ್ಟಿನೊಂದಿಗೆ ಮುರಿದುಬಿತ್ತು. ಈ ವರ್ಷ ಸವಾರಿ ಹಗುರವಾಗಲೆಂದು ಊಟವನ್ನು ತಿದ್ದಿಕೊಂಡರು. ತಟ್ಟೆಯಲ್ಲಿ ಕಡಿಮೆಯಾದ ಪದಾರ್ಥ ಎರಡು ಸಲವೂ ಹೆಚ್ಚುಕಡಿಮೆ ಒಂದೇ. ಜುಲೈ ಕೊನೆಯಲ್ಲಿ, ಹಿಂದಿನ ವರ್ಷ ತುಂಬದೇ ಹೋದ ಕೃಷ್ಣರಾಜಸಾಗರ ತುಂಬಿ ನಾಲೆಗೆ ನೀರು ಬಂತು. ಆರು ತಿಂಗಳು ಒಣಗಿದ ನಾಲೆಯ ಪಕ್ಕದಲ್ಲಿ ತುಳಿದವರು ಈಗ ನೀರಿನ ಜೊತೆಯಲ್ಲಿ ತುಳಿಯತೊಡಗಿದರು. ನೀರಿಗೂ ತೂಕಕ್ಕೂ ಸಂಬಂಧವಿಲ್ಲ, ಆದರೆ ನನ್ನ ನೋಟ್‌ಬುಕ್‌ನಲ್ಲಿ ಎರಡೂ ಒಂದೇ ಪುಟದಲ್ಲಿವೆ: ಆಗಸ್ಟ್ ಮೊದಲ ವಾರ 82, ಡಿಸೆಂಬರ್ ಮೊದಲ ವಾರ 77.

ನಡುವೆ ನನ್ನ ಇನ್ನೊಂದು ತಪ್ಪು ನಡೆಯಿತು. ಗೌರಿ ಹಬ್ಬದ ಹೊತ್ತಿಗೆ, ಇಷ್ಟು ಆಸಕ್ತಿಯಿರುವವರು ಒಳ್ಳೆಯ ಸೈಕಲ್ ತುಳಿಯಬೇಕೆಂದು ಹೇಳಿ, ಮೈಸೂರಿನ ಅಂಗಡಿಯೊಂದರಿಂದ ಹದಿನಾರು ಸಾವಿರ ಕೊಟ್ಟು ಗೇರಿನ ಸೈಕಲ್ ಕೊಡಿಸಿದೆ. ದೂರ, ವೇಗ ಅಳೆಯುವ ಆ್ಯಪನ್ನೂ ಅವರ ಮೊಬೈಲಿಗೆ ಹಾಕಿಕೊಟ್ಟು, ವಾರಕ್ಕೆ ನೂರು ಕಿಲೋಮೀಟರ್ ಗುರಿ ಕೊಟ್ಟೆ. ಮುಂದಕ್ಕೆ ಬಾಗಿ ಕೂರಬೇಕಾದ ಆ ಸೈಕಲ್ಲಿನಲ್ಲಿ ಸೊಂಟ ಹಿಡಿಯಿತು, ಬೆರಳು ಜೋಮು ಹಿಡಿಯಿತು, ಅಡ್ಡ ಬಾರಿನಿಂದಾಗಿ ಸೀರೆಯಲ್ಲಿ ಹತ್ತಲಾಗದೆ ಶಾಲೆಯಲ್ಲಿ ಬಟ್ಟೆ ಬದಲಿಸುವ ಕಷ್ಟ ಬಂತು. ಚೈನಿಗೆ ಕವರು ಇಲ್ಲ, ಊಟದ ಡಬ್ಬಿ ಕಟ್ಟಲು ಕ್ಯಾರಿಯರು ಇಲ್ಲ. ಮೂರು ವಾರದಲ್ಲಿ ಅವರು ತುಳಿದ ದಿನಗಳು ಅರ್ಧಕ್ಕಿಳಿದವು. ಗುರಿ ಮುಟ್ಟದ ವಾರ ಮೊಬೈಲ್ ನೋಡಿದರೆ ಮುಜುಗರವಾಗುತ್ತದೆಂದು ಒಂದು ದಿನ ಆ್ಯಪನ್ನು ತೆಗೆದುಹಾಕಿದರು, ಹೊಸ ಸೈಕಲ್ಲನ್ನು ಅಣ್ಣನ ಮಗನಿಗೆ ದಾಟಿಸಿದರು, ಮಗಳ ಸೈಕಲ್ಲಿಗೆ ಅಗಲವಾದ ಸೀಟು ಮತ್ತು ಹೊಸ ಟೈರು ಹಾಕಿಸಿಕೊಂಡರು. ನಾನು ಮತ್ತೆ ಗುರಿಯ ಮಾತೆತ್ತಲಿಲ್ಲ.

ಹುರುಳಿಯ ಮೇಲೆ ಬಿದ್ದದ್ದು

ನಮ್ಮ ಕಡೆ ಕೊಯ್ಲಿನ ಕಾಲದಲ್ಲಿ ರಸ್ತೆಯೇ ಕಣ. ರಾಗಿ ತೆನೆ, ಹುರುಳಿ ಗಿಡವನ್ನು ಡಾಂಬರಿನ ಮೇಲೆ ಹರಡಿದರೆ ಓಡಾಡುವ ವಾಹನಗಳೇ ಒಕ್ಕಣೆ ಮಾಡಿಕೊಡುತ್ತವೆ. 2024ರ ಡಿಸೆಂಬರ್ ಎರಡನೆಯ ವಾರ ಹೀಗೆ ಹಾಸಿದ್ದ ಹುರುಳಿಯ ಮೇಲೆ ಹೋದಾಗ ಬಳ್ಳಿ ಹಿಂದಿನ ಚಕ್ರಕ್ಕೂ ಚೈನಿಗೂ ಸುತ್ತಿಕೊಂಡು, ಸೈಕಲ್ ಗಕ್ಕನೆ ನಿಂತು, ಅವರು ಎಡಗೈ ಊರಿ ಬಿದ್ದರು. ಮಣಿಕಟ್ಟಿನ ಮೂಳೆಯಲ್ಲಿ ಕೂದಲೆಳೆಯ ಬಿರುಕು. ಐದು ವಾರ ಪಟ್ಟಿ. ಒಕ್ಕಣೆಯವರು ಅವರ ಹಳೆಯ ವಿದ್ಯಾರ್ಥಿಯ ಮನೆಯವರೇ ಆಗಿದ್ದರಿಂದ ಜಗಳವಾಗಲಿಲ್ಲ. ಆ ಮನೆಯಿಂದ ಎರಡು ಸೇರು ಹುರುಳಿ ಬಂತು.

ಆ ಐದು ವಾರದಲ್ಲಿ ತೂಕ ಒಂದೂವರೆ ಕೆಜಿ ಮಾತ್ರ ಏರಿತು. ಅದಕ್ಕಿಂತ ಹೆಚ್ಚು ಕೆಟ್ಟದ್ದು ನಿದ್ದೆ ಮತ್ತು ಮನಸ್ಸು. ಸಿಡಿಮಿಡಿಗೊಳ್ಳುತ್ತಿದ್ದರು, ಬಸ್ಸಿನಲ್ಲಿ ನಿಂತು ಬರುವುದನ್ನು ಬೈಯುತ್ತಿದ್ದರು. ಪಟ್ಟಿ ಬಿಚ್ಚಿದ ಮೇಲೆ ಮತ್ತೆ ಶುರು ಮಾಡಿಸುವುದು ಹೇಗೆಂದು ನಾನು ಯೋಚಿಸುತ್ತಿರುವಾಗ, ವೈದ್ಯರು ಇನ್ನೊಂದು ವಾರ ಬೇಡ ಎಂದಿದ್ದನ್ನು ಮುಚ್ಚಿಟ್ಟು ಸೋಮವಾರ ಬೆಳಿಗ್ಗೆ ಸೈಕಲ್ಲಿನಲ್ಲೇ ಬಂದರು. ಇದನ್ನು ಒಳ್ಳೆಯ ಉದಾಹರಣೆಯೆಂದು ನಾನು ಹೇಳುತ್ತಿಲ್ಲ. ಆದರೆ ಅಂದಿನಿಂದ ರಸ್ತೆಯ ಮೇಲೆ ಬೆಳೆ ಕಂಡರೆ ಇಳಿದು ತಳ್ಳಿಕೊಂಡು ಹೋಗುತ್ತಾರೆ. ಕಬ್ಬಿನ ಟ್ರ್ಯಾಕ್ಟರುಗಳು ಹಿಂದೀಪವಿಲ್ಲದೆ ಓಡುವ ತಿಂಗಳುಗಳಲ್ಲಿ ಬೆನ್ನಿಗೆ ಮಿಂಚುಪಟ್ಟಿಯ ಅಂಗಿ ಹಾಕುತ್ತಾರೆ.

ಈಗಿನ ಸ್ಥಿತಿ

2025ರ ಜೂನ್‌ನಲ್ಲಿ ತೂಕ 73.5, ಸೊಂಟ 91, ಎಚ್‌ಬಿಎ1ಸಿ 5.6. ಆಮೇಲಿನ ಆರು ತಿಂಗಳು ತೂಕ 73 ಮತ್ತು 74.5ರ ನಡುವೆ ಆಡುತ್ತಿದೆ. ಸೂಚ್ಯಂಕ 30ರ ಸುತ್ತ ಇರುವುದರಿಂದ ಕಾಗದದ ಮೇಲೆ ಅವರು ಇನ್ನೂ ಬೊಜ್ಜಿನವರೇ. ಆದರೆ ಅಮೆರಿಕದ ಮಧುಮೇಹ ತಡೆ ಅಧ್ಯಯನದಲ್ಲಿ ಇಟ್ಟುಕೊಂಡ ಗುರಿ ತೂಕದ ಶೇ 7ರಷ್ಟು ಇಳಿಕೆ ಮತ್ತು ವಾರಕ್ಕೆ 150 ನಿಮಿಷದ ವ್ಯಾಯಾಮ ಮಾತ್ರ. ಅಷ್ಟರಿಂದಲೇ ಹೊಸ್ತಿಲಲ್ಲಿದ್ದವರು ಮಧುಮೇಹಕ್ಕೆ ಜಾರುವುದು ಶೇ 58ರಷ್ಟು ಕಡಿಮೆಯಾಯಿತೆಂದು 2002ರಲ್ಲಿ ಪ್ರಕಟವಾಯಿತು. ಭಾರತೀಯರ ಮೇಲೆ ನಡೆದ ಅಂಥದ್ದೇ ಅಧ್ಯಯನದಲ್ಲಿ ಈ ಲಾಭ ಶೇ 28.5 ಇತ್ತು. ಇವರು ಇಳಿಸಿದ್ದು ಶೇ 15ಕ್ಕಿಂತ ತುಸು ಹೆಚ್ಚು. ಅಮೆರಿಕದಲ್ಲಿ 1994ರಲ್ಲಿ ಶುರುವಾದ, ತೂಕ ಇಳಿಸಿ ಉಳಿಸಿಕೊಂಡವರ ದಾಖಲೆಯೊಂದಿದೆ; ಅದಕ್ಕೆ ಸೇರಲು ಕನಿಷ್ಠ 13.6 ಕೆಜಿ ಇಳಿಸಿ ಒಂದು ವರ್ಷ ಕಾಯ್ದುಕೊಂಡಿರಬೇಕಿತ್ತು. ಅದರ ಸದಸ್ಯರಲ್ಲಿ ಬಹುತೇಕರು ದಿನಕ್ಕೆ ಒಂದು ಗಂಟೆಯಷ್ಟು ಮೈ ದಣಿಸುವವರು ಎಂಬುದನ್ನು ನೋಡಿದರೆ, ಇಳಿಸುವುದರಲ್ಲಿ ಊಟದ ಪಾಲು ಹೆಚ್ಚು, ಇಳಿದದ್ದನ್ನು ಕಾಯುವುದರಲ್ಲಿ ಸೈಕಲ್ಲಿನಂಥವುಗಳ ಪಾಲು ಹೆಚ್ಚು ಎನಿಸುತ್ತದೆ. ನಮ್ಮ ಮೇಡಂ ಇಳಿಸಿದ್ದು 13.5. ನೂರು ಗ್ರಾಂ ಕಡಿಮೆಯಾಯಿತಲ್ಲ ಎಂದರೆ, ಶಾಲೆಯ ಯಂತ್ರ ಸುಳ್ಳು ಹೇಳುತ್ತದೆಂದು ನೀವೇ ಹೇಳಿದ್ದಿರಿ ಎಂದರು.

ಮುಂದೆ ಗಮನಿಸಬೇಕಾದ್ದು ಇದೆ. ಅವರಿಗೀಗ 46 ದಾಟಿದೆ. ಮುಟ್ಟು ನಿಲ್ಲುವ ವರ್ಷಗಳಲ್ಲಿ ಸೊಂಟದ ಸುತ್ತ ಕೊಬ್ಬು ಸೇರುವುದು, ಮೂಳೆಯ ಸಾಂದ್ರತೆ ಕುಗ್ಗುವುದು ಎರಡೂ ನಡೆಯುತ್ತವೆ. ಸೈಕಲ್ಲಿನಲ್ಲಿ ದೇಹದ ಭಾರ ಸೀಟಿನ ಮೇಲಿರುವುದರಿಂದ ಮೂಳೆಗೆ ಅದರಿಂದ ಹೆಚ್ಚಿನ ಬಲ ಬರುವುದಿಲ್ಲ. ಹಾಗಾಗಿ ವಾರಕ್ಕೆರಡು ದಿನ ಭಾರ ಎತ್ತುವ ವ್ಯಾಯಾಮ ಮಾಡಬೇಕೆಂದು ಹೇಳಿದ್ದೇನೆ. ಮಾಡುತ್ತಿಲ್ಲ. ನೀರಿನ ಬಿಂದಿಗೆ ಎತ್ತುತ್ತೇನಲ್ಲ ಎನ್ನುತ್ತಾರೆ. ಮೇಲುಕೋಟೆಗೆ ಒಮ್ಮೆ ಹೋಗಿ ಬಂದರು. ಕಡಿದಾದ ಏರಿನಲ್ಲಿ ಇಳಿದು ತಳ್ಳಿದರು, ಮೇಲೆ ಪುಳಿಯೋಗರೆ ತಿಂದರು, ಇಳಿಜಾರಿನಲ್ಲಿ ಎರಡು ಕಡೆ ನಿಂತು ಬ್ರೇಕಿನ ಬಿಸಿ ಆರಿಸಿದರು. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ನಮ್ಮನ್ನೆಲ್ಲ ದಸರೆ ರಜೆಯಲ್ಲಿ ಮನೆ ಮನೆಗೆ ಕಳಿಸಿದಾಗ ಅವರು ತಮ್ಮ ಪಾಲಿನ ಮನೆಗಳನ್ನು ಸೈಕಲ್ಲಿನಲ್ಲೇ ಸುತ್ತಿದರು. ನೆಟ್‌ವರ್ಕ್ ಸಿಗದ ಮನೆಗಳಿಂದ ಸಿಗುವ ಏರಿಯವರೆಗೆ ಓಡಾಡಿದ್ದೇ ದಿನಕ್ಕೆ ಹತ್ತು ಕಿಲೋಮೀಟರ್ ಆಗಿತ್ತು ಎಂದು ಅವರ ಅಂದಾಜು.

ಮುಂದಿನ ರಕ್ತಪರೀಕ್ಷೆ ಯುಗಾದಿಯ ನಂತರ. ತೂಕದ ಕಾಲಂ ತುಂಬಲು ಈಗ ಅವರನ್ನು ಎರಡು ಮೂರು ಸಲ ಕರೆಯಬೇಕಾಗುತ್ತದೆ. ಡಿಸೆಂಬರ್‌ನಲ್ಲಿ ಮಗಳು ರಜೆಗೆ ಬಂದವಳು, ಕೊನೆಯ ಸೆಮಿಸ್ಟರಿನಲ್ಲಿ ಹಾಸ್ಟೆಲಿನಿಂದ ಕಾಲೇಜಿಗೆ ಓಡಾಡಲು ತನ್ನ ಸೈಕಲ್ ತೆಗೆದುಕೊಂಡು ಹೋಗುತ್ತೇನೆಂದು ಕೇಳಿದಳಂತೆ. "ನಿಂಗೆ ಬೇರೆ ಕೊಡಿಸ್ತೀನಿ ಬಿಡು ಮಗಾ" ಎಂದು ಹೇಳಿ ತಾಯಿ ಕೊಟ್ಟಿಗೆಗೆ ಬೀಗ ಹಾಕಿಕೊಂಡಿದ್ದಾರೆ.